ವಿದ್ಯಾರ್ಹತೆ ಮತ್ತು ಹುದ್ದೆ: ನಮ್ಮ ಘಟಕಗಳು ಎಡವುತ್ತಿರುವುದೆಲ್ಲಿ?

ಪ್ರತಿ ವರ್ಷ ಮೇ–ಜೂನ್ ತಿಂಗಳುಗಳಲ್ಲಿ, ಪರೀಕ್ಷಾ ಫಲಿತಾಂಶಗಳು ಪ್ರಕಟವಾದ ಬೆನ್ನಿಗೇ, ಸಣ್ಣ ಕೈಗಾರಿಕಾ ಘಟಕಗಳ ಬಾಗಿಲಿಗೆ ಎರಡು ಬಗೆಯ ಜನರು ಬರುವುದು ವಾಡಿಕೆ. ಮಗನನ್ನೋ ಮಗಳನ್ನೋ ಮುಂದೆ ಏನು ಓದಿಸಬೇಕೆಂದು ಕೇಳಲು ಬರುವ ಪರಿಚಿತರು ಮೊದಲನೆಯವರು. ಓದು ಮುಗಿಸಿ, ಪ್ರಮಾಣಪತ್ರಗಳ ಫೈಲನ್ನು ಎದೆಗವಚಿಕೊಂಡು ಕೆಲಸ ಕೇಳಲು ಬರುವ ತರುಣರು ಎರಡನೆಯವರು. ಮೊದಲನೆಯವರಿಗೆ ನಾವು ‘ಇಂಜಿನಿಯರಿಂಗ್ ಓದಿಸಿ’ ಎಂದು ಹೇಳಿ ಕಳುಹಿಸುತ್ತೇವೆ. ಎರಡನೆಯವರಿಗೆ ‘ನಮಗೆ ಇಂಜಿನಿಯರು ಬೇಕಿಲ್ಲ, ಟರ್ನರ್ ಯಾರಾದರೂ ಇದ್ದರೆ ಹೇಳಿ’ ಎನ್ನುತ್ತೇವೆ. ಈ ಎರಡೂ ಉತ್ತರಗಳನ್ನು ಒಂದೇ ದಿನ, ಒಂದೇ ಕುರ್ಚಿಯಲ್ಲಿ ಕುಳಿತು ನೀಡಿದವರಲ್ಲಿ ಈ ಲೇಖಕನೂ ಒಬ್ಬ.

ಕುಶಲ ಕೆಲಸಗಾರರ ಕೊರತೆಯ ಬಗ್ಗೆ ನಮ್ಮ ಸಭೆಗಳಲ್ಲಿ ಮಾತನಾಡದ ಉದ್ದಿಮೆದಾರರಿಲ್ಲ. ಕೊರತೆ ಇರುವುದು ನಿಜ. ಆದರೆ ಇರುವ ಕೆಲಸಗಾರರನ್ನು ಅವರ ಓದಿಗೆ ತಕ್ಕ ಸ್ಥಾನದಲ್ಲಿ ಕೂರಿಸಿದ್ದೇವೆಯೇ, ಯಾವ ಕೆಲಸಕ್ಕೆ ಯಾವ ಮಟ್ಟದ ಶಿಕ್ಷಣ ಸಾಕು ಎಂಬ ಲೆಕ್ಕ ನಮಗೆ ತಿಳಿದಿದೆಯೇ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ. ಕೇಳಿಕೊಳ್ಳುವಂತೆ ನನ್ನನ್ನು ಒತ್ತಾಯಿಸಿದ್ದು ಒಂದು ನಷ್ಟ.

ನಾಲ್ಕು ನೂರು ಬುಷ್‌ಗಳು

ನಮ್ಮದು ಪೀಣ್ಯದಲ್ಲಿರುವ, ಇಪ್ಪತ್ತೆರಡು ಮಂದಿ ದುಡಿಯುವ ಯಂತ್ರಭಾಗಗಳ ಘಟಕ. ಕೆಲವು ವರ್ಷಗಳ ಹಿಂದೆ ಹೈಡ್ರಾಲಿಕ್ ಉಪಕರಣ ತಯಾರಕರೊಬ್ಬರಿಂದ 400 ಬುಷ್‌ಗಳಿಗೆ ಬೇಡಿಕೆ ಬಂದಿತು. ಒಳವ್ಯಾಸ 25 ಮಿಲಿಮೀಟರ್, ಎಚ್7 ದರ್ಜೆ. ಅಂದರೆ ರಂಧ್ರವು 25 ಮಿ.ಮೀ.ಗಿಂತ ಕಿರಿದಾಗಬಾರದು, 25.021 ಮಿ.ಮೀ.ಗಿಂತ ಹಿರಿದಾಗಲೂ ಬಾರದು. ನಡುವೆ ದೊರೆಯುವ ಅವಕಾಶ ಕೇವಲ 21 ಮೈಕ್ರಾನ್. ಸಿ.ಎನ್.ಸಿ. ಲೇತ್‌ನಲ್ಲಿ ಕೆಲಸ ಮಾಡುತ್ತಿದ್ದವನು ಐ.ಟಿ.ಐ. ಟರ್ನರ್, ಒಂಬತ್ತು ವರ್ಷಗಳ ಅನುಭವಿ. ತಪಾಸಣೆಯ ಮೇಜಿನಲ್ಲಿ ನಾವು ಕೂರಿಸಿದ್ದು ಹೊಸದಾಗಿ ಸೇರಿದ್ದ ಬಿ.ಇ. ಮೆಕ್ಯಾನಿಕಲ್ ಪದವೀಧರನನ್ನು. ತಪಾಸಣಾ ವರದಿಗೆ ಇಂಜಿನಿಯರೊಬ್ಬರ ಸಹಿ ಇದ್ದರೆ ಗ್ರಾಹಕರಿಗೆ ಗೌರವ ಎಂಬುದು ನಮ್ಮ ಎಣಿಕೆಯಾಗಿತ್ತು.

ಎರಡನೆಯ ದಿನ ಟರ್ನರ್ ಬಂದು, ‘ಸಾರ್, ಬೋರ್ ಬಿಗಿ ಬರ್ತಾ ಇದೆ ಅನ್ಸುತ್ತೆ, ಇನ್ಸರ್ಟ್ ಸವೆದಿರಬೇಕು’ ಎಂದ. ತಪಾಸಣೆಯವರು ಸರಿ ಎಂದಿದ್ದಾರಲ್ಲ ಎಂದು ನಾನೇ ಅವನನ್ನು ಹಿಂದಕ್ಕೆ ಕಳುಹಿಸಿದೆ. ಮೂರು ವಾರಗಳ ನಂತರ 137 ಬುಷ್‌ಗಳು ಹಿಂದಿರುಗಿ ಬಂದವು.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಬೋರ್ ಗೇಜನ್ನು ಪ್ರತಿ ಪಾಳಿಯ ಆರಂಭದಲ್ಲಿ ಸೆಟ್ಟಿಂಗ್ ರಿಂಗ್‌ಗೆ ಇಟ್ಟು ಸೊನ್ನೆ ಹೊಂದಿಸಿಕೊಳ್ಳಬೇಕು. ಆ ತರುಣ ಮೊದಲ ದಿನ ಮಾತ್ರ ಹೊಂದಿಸಿದ್ದ. ಎಚ್7 ಎಂದರೇನು, 21 ಮೈಕ್ರಾನ್ ಎಲ್ಲಿಂದ ಬಂತು ಎಂಬುದನ್ನು ಅವನು ಕಪ್ಪು ಹಲಗೆಯ ಮೇಲೆ ಬರೆದು ವಿವರಿಸಬಲ್ಲವನಾಗಿದ್ದ. ಬೋರ್ ಗೇಜನ್ನು ಕೈಯಲ್ಲಿ ಹಿಡಿದದ್ದು ಮಾತ್ರ ನಮ್ಮಲ್ಲಿಗೆ ಬಂದ ಮೇಲೆಯೇ. ಕೈಯ ಅಂದಾಜಿನಿಂದಲೇ ತಪ್ಪನ್ನು ಹಿಡಿದಿದ್ದ ಟರ್ನರ್‌ಗೆ ಕಾಗದದ ಮೇಲೆ ಒಂದು ಗೆರೆ ಬರೆಯುವ ಅಧಿಕಾರವನ್ನೂ ನಾವು ಕೊಟ್ಟಿರಲಿಲ್ಲ. ಕಿರಿದಾಗಿದ್ದ ರಂಧ್ರಗಳನ್ನು ಹೋನಿಂಗ್ ಮಾಡಿಸಿ ಸರಿಪಡಿಸಿ ಕಳುಹಿಸಿದೆವು. ಆದರೆ ಆ ಗ್ರಾಹಕರ ಮುಂದಿನ ಬೇಡಿಕೆ ಬೇರೊಬ್ಬರ ಪಾಲಾಯಿತು. ಪದವೀಧರನೂ ನಾಲ್ಕನೆಯ ತಿಂಗಳಿಗೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದನ್ನು ಸೇರಿದ. ಅವನನ್ನು ದೂರುವುದು ಸುಲಭ. ತಪ್ಪು ಜಾಗದಲ್ಲಿ ಕೂರಿಸಿದವರು ನಾವು.

ಅರ್ಹತೆಯ ಮೊದಲು ಕೆಲಸದ ಪಟ್ಟಿ

ನಮ್ಮಲ್ಲಿ ಬಹುತೇಕರು ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುವಾಗ ಮೊದಲು ಕೇಳುವುದು ‘ಏನು ಓದಿದ್ದೀಯ?’ ಎಂದು. ಈ ಪ್ರಶ್ನೆ ಎರಡನೆಯದಾಗಬೇಕು. ಆ ಹುದ್ದೆಯಲ್ಲಿರುವವನು ಬೆಳಗಿನಿಂದ ಸಂಜೆಯವರೆಗೆ ನಿಜವಾಗಿ ಏನು ಮಾಡುತ್ತಾನೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದರೆ ಅರ್ಧ ಗೊಂದಲ ಅಲ್ಲಿಯೇ ತಿಳಿಯಾಗುತ್ತದೆ. ನಾವು ಹಾಗೆ ಬರೆದು ನೋಡಿದಾಗ ಕಂಡ ಸಂಗತಿ ಆಶ್ಚರ್ಯಕರವಾಗಿತ್ತು. ನಮ್ಮ ‘ಇಂಜಿನಿಯರ್’ ಹುದ್ದೆಯ ದಿನದ ಕೆಲಸದಲ್ಲಿ ಬಹುಪಾಲು ಡಿಪ್ಲೊಮಾ ಓದಿದವರು ಮಾಡಬಹುದಾದದ್ದು. ‘ಆಪರೇಟರ್’ ಎಂದು ಕರೆದು ಕಡಿಮೆ ಸಂಬಳ ಕೊಡುತ್ತಿದ್ದವರಲ್ಲಿ ಇಬ್ಬರು ಯಂತ್ರದ ಸೆಟ್ಟಿಂಗ್, ಪ್ರೋಗ್ರಾಂ ತಿದ್ದುಪಡಿ, ಹೊಸಬರಿಗೆ ಕಲಿಸುವಿಕೆ ಎಲ್ಲವನ್ನೂ ಮಾಡುತ್ತಿದ್ದರು.

ಯಾವ ಓದು ಯಾವ ಕೆಲಸಕ್ಕೆ ಒಗ್ಗುತ್ತದೆ ಎಂಬುದನ್ನು ನಮ್ಮ ಅನುಭವದ ಮಿತಿಯಲ್ಲಿ ಹೇಳುವುದಾದರೆ, ಐ.ಟಿ.ಐ. ಶಿಕ್ಷಣವು ಕೈಗೆ ಸಂಬಂಧಿಸಿದ್ದು. 1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯ ಅಡಿ ನಡೆಯುವ ಈ ಕೋರ್ಸುಗಳಲ್ಲಿ ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್ ಎರಡು ವರ್ಷಗಳವು. ವೆಲ್ಡರ್ ಒಂದು ವರ್ಷದ್ದು. ಇವರು ಯಂತ್ರದ ಮುಂದೆ ನಿಂತು ಕೆಲಸ ಮಾಡಲು ಸಿದ್ಧರಾಗಿ ಬರುತ್ತಾರೆ. ರೇಖಾಚಿತ್ರ ಓದಬಲ್ಲರು, ಅಳತೆ ತೆಗೆಯಬಲ್ಲರು. ಆದರೆ ವರದಿ ಬರೆಯುವುದರಲ್ಲಿ, ಗ್ರಾಹಕರೊಂದಿಗೆ ಪತ್ರ ವ್ಯವಹಾರದಲ್ಲಿ ಹಿಂಜರಿಯುತ್ತಾರೆ. ಎಸ್.ಎಸ್.ಎಲ್.ಸಿ. ನಂತರ ಮೂರು ವರ್ಷಗಳ ಡಿಪ್ಲೊಮಾ ಓದಿದವರು ಕೈಗೂ ಕಾಗದಕ್ಕೂ ನಡುವಿನವರು. ತಪಾಸಣೆ, ಉತ್ಪಾದನಾ ಯೋಜನೆ, ಪಾಳಿಯ ಮೇಲ್ವಿಚಾರಣೆ, ನಿರ್ವಹಣೆ, ಇವು ಅವರಿಗೆ ಹೇಳಿಮಾಡಿಸಿದ ಕೆಲಸಗಳು. ಬಿ.ಇ. ಪದವೀಧರನ ಅಗತ್ಯ ನಮ್ಮಂತಹ ಘಟಕಕ್ಕೆ ಇಲ್ಲವೆಂದಲ್ಲ. ಹೊಸ ಬಿಡಿಭಾಗದ ದರಪಟ್ಟಿ ತಯಾರಿಕೆ, ಫಿಕ್ಸ್‌ಚರ್ ವಿನ್ಯಾಸ, ಕ್ಯಾಡ್–ಕ್ಯಾಮ್, ಗ್ರಾಹಕರ ತಾಂತ್ರಿಕ ವಿಭಾಗದೊಂದಿಗೆ ಚರ್ಚೆ, ಇವುಗಳಿಗೆ ಅವನೇ ಬೇಕು. ಇಪ್ಪತ್ತು ಮಂದಿಯ ಘಟಕಕ್ಕೆ ಅಂಥವರು ಒಬ್ಬರು ಸಾಕು. ಮೂವರನ್ನು ತೆಗೆದುಕೊಂಡು ಇಬ್ಬರನ್ನು ಯಂತ್ರದ ಬಟನ್ ಒತ್ತಲು ನಿಲ್ಲಿಸಿದರೆ, ಅವರು ನಿಲ್ಲುವುದಿಲ್ಲ.

ಅಚ್ಚು ತಯಾರಿಕೆಯ ಕ್ಷೇತ್ರದಲ್ಲಿರುವ ಸದಸ್ಯರಿಗೆ ಇದಕ್ಕೊಂದು ಉತ್ತಮ ಉದಾಹರಣೆ ಗೊತ್ತೇ ಇದೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಯೋಗದೊಂದಿಗೆ ಬೆಂಗಳೂರಿನ ರಾಜಾಜಿನಗರದಲ್ಲಿ ಸ್ಥಾಪನೆಯಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿ.ಟಿ.ಟಿ.ಸಿ., ಇಂದು ಮೈಸೂರು, ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಮೊದಲಾದೆಡೆಗಳಲ್ಲಿ ಕೇಂದ್ರಗಳನ್ನು ಹೊಂದಿದೆ. ಎಸ್.ಎಸ್.ಎಲ್.ಸಿ. ಪಾಸಾದವರು ಅಲ್ಲಿ ಸೇರುವ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಕೇಂದ್ರದ ಕಲಿಕೆ, ಒಂದು ವರ್ಷ ಕೈಗಾರಿಕೆಯಲ್ಲಿ ತರಬೇತಿ. ಅಲ್ಲಿಂದ ಹೊರಬಂದ ತರುಣನಿಗೆ ಅಚ್ಚಿನ ರೇಖಾಚಿತ್ರವೂ ಗೊತ್ತು, ಗ್ರೈಂಡಿಂಗ್ ಯಂತ್ರದ ಸದ್ದೂ ಗೊತ್ತು. ಮಗನನ್ನು ಏನು ಓದಿಸಲಿ ಎಂದು ಕೇಳಿದವರಿಗೆ ಈ ಹೆಸರನ್ನು ಹೇಳಲು ನಾವು ಏಕೆ ಮರೆಯುತ್ತೇವೋ ತಿಳಿಯದು.

ವರ್ತಕರ ಮಳಿಗೆಯಲ್ಲಿ

ಈ ಪ್ರಶ್ನೆ ಕೇವಲ ಕಾರ್ಖಾನೆಗಳದ್ದಲ್ಲ. ಎ.ಪಿ.ಎಂ.ಸಿ. ಯಾರ್ಡಿನ ಮಂಡಿಗಳಲ್ಲಿ ಎಸ್.ಎಸ್.ಎಲ್.ಸಿ. ಓದಿದ ಗುಮಾಸ್ತರು ರೋಕಡಿ ಪುಸ್ತಕ, ಖಾತೆ ಪುಸ್ತಕಗಳನ್ನು ಅಚ್ಚುಕಟ್ಟಾಗಿ ಬರೆಯುತ್ತಿದ್ದ ಕಾಲವೊಂದಿತ್ತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಯಾದ ಮೇಲೆ ಆ ಹುದ್ದೆಯ ಸ್ವರೂಪವೇ ಬದಲಾಯಿತು. ರಾಜ್ಯದೊಳಗಿನ ಸಾಗಾಟಕ್ಕೂ ಇ–ವೇ ಬಿಲ್ ಅನ್ನು 2018ರ ಏಪ್ರಿಲ್ 1ರಿಂದ ದೇಶದಲ್ಲಿ ಮೊದಲು ಜಾರಿಗೆ ತಂದ ರಾಜ್ಯ ನಮ್ಮದು. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿಗೂ ಮೀರಿದ ವಹಿವಾಟಿನವರಿಗೆ ಇ–ಇನ್ವಾಯ್ಸ್ ಕಡ್ಡಾಯವಾಯಿತು. ಗಾಬರಿಗೊಂಡ ಅನೇಕ ವರ್ತಕರು ಬಿ.ಕಾಂ., ಎಂ.ಕಾಂ. ಪದವೀಧರರನ್ನು ಹುಡುಕಿ ತಂದು ಕೂರಿಸಿದರು.

ದಿನದ ಕೆಲಸದ ಪಟ್ಟಿಯನ್ನು ಇಲ್ಲಿಯೂ ಬರೆದು ನೋಡಬೇಕು. ಬಿಲ್ ಹಾಕುವುದು, ಸರಿಯಾದ ಎಚ್.ಎಸ್.ಎನ್. ಸಂಖ್ಯೆ ನಮೂದಿಸುವುದು, ಖರೀದಿ ಪುಸ್ತಕವನ್ನು ಜಾಲತಾಣದ 2ಬಿ ಪಟ್ಟಿಯೊಂದಿಗೆ ತಾಳೆ ನೋಡುವುದು. ಹೂಡುವಳಿ ತೆರಿಗೆ ಜಮೆಯ ವ್ಯಾಖ್ಯಾನವನ್ನು ಬಾಯಿಪಾಠ ಹೇಳಬಲ್ಲ ಪದವೀಧರರು ಈ ತಾಳೆ ನೋಡುವ ಕೆಲಸದಲ್ಲಿ ತಡವರಿಸುವುದನ್ನೂ, ಪಿ.ಯು.ಸಿ. ವಾಣಿಜ್ಯ ಓದಿ ಕೆಲವು ತಿಂಗಳು ಟ್ಯಾಲಿ ಕಲಿತ ಹೆಣ್ಣುಮಕ್ಕಳು ಅದನ್ನು ಲೀಲಾಜಾಲವಾಗಿ ಮಾಡುವುದನ್ನೂ ಕಂಡಿದ್ದೇನೆ. ಆದರೆ ತೆರಿಗೆ ಇಲಾಖೆಯ ನೋಟಿಸಿಗೆ ಉತ್ತರ ಬರೆಯುವ ದಿನ ಬಂದಾಗ, ಆ ಪಿ.ಯು.ಸಿ. ಓದು ಸಾಲದು. ಅದಕ್ಕೆ ಪದವೀಧರರೋ ತೆರಿಗೆ ಸಲಹೆಗಾರರೋ ಬೇಕು. ತಿಂಗಳಿಗೊಮ್ಮೆ ಬರುವ ಅಗತ್ಯಕ್ಕಾಗಿ ಪ್ರತಿದಿನದ ಹುದ್ದೆಯ ಅರ್ಹತೆಯನ್ನು ಏರಿಸಿಬಿಡುವುದು ನಾವು ಮಾಡುವ ಸಾಮಾನ್ಯ ತಪ್ಪು.

ಇನ್ನು ಕೆಲವು ಉದ್ಯೋಗಗಳಲ್ಲಿ ನಮಗೆ ಆಯ್ಕೆಯೇ ಇಲ್ಲ. ಕಾನೂನು ಅರ್ಹತೆಯನ್ನು ಗೊತ್ತುಪಡಿಸಿದೆ. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ವೈದ್ಯರ ಚೀಟಿಯ ಮೇಲೆ ಔಷಧ ಕೊಡುವವರು ನೋಂದಾಯಿತ ಫಾರ್ಮಸಿಸ್ಟ್ ಆಗಿರಬೇಕು. ಅಕ್ಕಿ ಗಿರಣಿಯ ಬಾಯ್ಲರ್ ನಡೆಸುವವನಲ್ಲಿ ಅದಕ್ಕಾಗಿ ಪರೀಕ್ಷೆ ಪಾಸಾದ ಪ್ರಮಾಣಪತ್ರವಿರಬೇಕು. ಕೃಷಿ ಪರಿಕರಗಳ ವರ್ತಕರ ಕಥೆ ಸ್ವಾರಸ್ಯಕರ. ದಶಕಗಳ ಕಾಲ ಯಾವುದೇ ಕೃಷಿ ಶಿಕ್ಷಣವಿಲ್ಲದೆ ಗೊಬ್ಬರ, ಕೀಟನಾಶಕ ಮಾರುತ್ತಿದ್ದವರಿಗಾಗಿ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ‘ದೇಸಿ’ ಎಂಬ ಒಂದು ವರ್ಷದ ಡಿಪ್ಲೊಮಾ ಆರಂಭಿಸಿತು. ವಾರಕ್ಕೊಂದು ದಿನದ ತರಗತಿ, ಅಂಗಡಿ ಮುಚ್ಚುವ ಅಗತ್ಯವಿಲ್ಲ. ಮುಂದೆ ಪರವಾನಗಿಗೆ ವಿದ್ಯಾರ್ಹತೆ ಕಡ್ಡಾಯವಾದಾಗ ಅದೇ ಅನೇಕರ ಅಂಗಡಿಯನ್ನು ಉಳಿಸಿತು. ಐವತ್ತು ದಾಟಿದ ವ್ಯಾಪಾರಿಗಳೂ ಪುಸ್ತಕ ಹಿಡಿದು ಪರೀಕ್ಷೆ ಬರೆದರು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. ಸಾರಿಗೆ ವಾಹನಗಳ ಚಾಲಕರಿಗೆ ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮವಿತ್ತು. ಅನುಭವವಿದ್ದರೂ ಶಾಲೆಯ ಪ್ರಮಾಣಪತ್ರವಿಲ್ಲದ ಕಾರಣಕ್ಕೆ ಪರವಾನಗಿ ಸಿಗದೆ ಉಳಿದವರು ಬಹಳ. 2019ರಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ಕೈಬಿಟ್ಟು, ಚಾಲನಾ ತರಬೇತಿ ಹಾಗೂ ಕೌಶಲ ಪರೀಕ್ಷೆಗೆ ಒತ್ತು ಕೊಟ್ಟಿತು. ಸರ್ಕಾರವೇ ಅನವಶ್ಯಕ ಅರ್ಹತೆಯೊಂದನ್ನು ತೆಗೆದುಹಾಕಿರುವಾಗ, ನಮ್ಮ ಜಾಹೀರಾತುಗಳಲ್ಲಿ ಗೋದಾಮು ಸಹಾಯಕನಿಗೂ ‘ಯಾವುದಾದರೂ ಪದವಿ’ ಎಂದು ಬರೆಯುವುದೇಕೆ?

ಶಿಶಿಕ್ಷುಗಳ ಲೆಕ್ಕಾಚಾರ

ಬುಷ್‌ಗಳ ಪ್ರಕರಣದ ನಂತರ ನಾವು ಕಂಡುಕೊಂಡ ದಾರಿ ಶಿಶಿಕ್ಷು ತರಬೇತಿ, ಅಂದರೆ ಅಪ್ರೆಂಟಿಸ್‌ಷಿಪ್. 1961ರ ಶಿಶಿಕ್ಷು ಕಾಯ್ದೆ ಎಂದೊಡನೆ ಇನ್‌ಸ್ಪೆಕ್ಟರು, ದಂಡ, ರಿಜಿಸ್ಟರು ಎಂದು ಹೆದರುವ ಸದಸ್ಯರು ಇಂದಿಗೂ ಇದ್ದಾರೆ. 2014ರ ತಿದ್ದುಪಡಿ ಮತ್ತು 2019ರ ನಿಯಮಗಳ ನಂತರ ಚಿತ್ರ ಸಾಕಷ್ಟು ಬದಲಾಗಿದೆ. 30 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರವರೆಗೆ. 4ರಿಂದ 29 ಮಂದಿ ಇರುವ ಘಟಕಗಳಿಗೆ ಇದು ಐಚ್ಛಿಕ. ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಈ ಐಚ್ಛಿಕ ವರ್ಗದವರಾದ್ದರಿಂದ, ಒತ್ತಾಯದಿಂದಲ್ಲದೆ ಲಾಭದ ದೃಷ್ಟಿಯಿಂದ ಇದನ್ನು ಪರಿಶೀಲಿಸಬಹುದಾಗಿದೆ. ತಾಂತ್ರಿಕೇತರ ಪದವೀಧರರನ್ನೂ ತೆಗೆದುಕೊಳ್ಳಲು ಅವಕಾಶವಿರುವುದರಿಂದ ವ್ಯಾಪಾರ ಸಂಸ್ಥೆಗಳೂ ಇದರಿಂದ ಹೊರಗುಳಿಯಬೇಕಿಲ್ಲ.

2019ರ ನಿಯಮಗಳು ಶಿಕ್ಷಣದ ಮಟ್ಟಕ್ಕನುಗುಣವಾಗಿ ತಿಂಗಳ ಕನಿಷ್ಠ ಶಿಷ್ಯವೇತನವನ್ನು ಹೀಗೆ ಗೊತ್ತುಪಡಿಸಿದವು: ಐದರಿಂದ ಒಂಬತ್ತನೆಯ ತರಗತಿಯವರೆಗೆ ಓದಿದವರಿಗೆ 5,000 ರೂ., ಹತ್ತನೆಯ ತರಗತಿಯವರಿಗೆ 6,000, ಪಿ.ಯು.ಸಿ. ಮತ್ತು ಐ.ಟಿ.ಐ.ಯವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000. 2025ರ ಮೇ ತಿಂಗಳಲ್ಲಿ ಕೇಂದ್ರ ಶಿಶಿಕ್ಷು ಮಂಡಳಿಯು ಈ ಮೊತ್ತಗಳನ್ನು ಶೇ. 36ರಷ್ಟು ಹೆಚ್ಚಿಸಲು ಶಿಫಾರಸು ಮಾಡಿತು. ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಅಂದಿನ ದರವನ್ನು ಖಚಿತಪಡಿಸಿಕೊಳ್ಳುವುದು ಒಳಿತು.

ಈ ಅಂಕಿಗಳನ್ನು ಸುಮ್ಮನೆ ಓದಿ ಬಿಡದೆ ಲೆಕ್ಕ ಹಾಕಿ ನೋಡಿ. ರಾಷ್ಟ್ರೀಯ ಶಿಶಿಕ್ಷು ಪ್ರೋತ್ಸಾಹ ಯೋಜನೆಯಡಿ ಕೇಂದ್ರವು ಶಿಷ್ಯವೇತನದ ಶೇ. 25ರಷ್ಟನ್ನು, ಗರಿಷ್ಠ 1,500 ರೂ.ಗಳ ಮಿತಿಗೊಳಪಟ್ಟು, ಭರಿಸುತ್ತದೆ. 2019ರ ದರದಲ್ಲಿ ಐ.ಟಿ.ಐ. ಶಿಶಿಕ್ಷುವಿಗೆ ನಮ್ಮ ಪಾಲು 5,500 ರೂ. ಡಿಪ್ಲೊಮಾ ಮತ್ತು ಪದವೀಧರರಿಗಿರುವ ಪ್ರತ್ಯೇಕ ಯೋಜನೆಯಲ್ಲಿ ಕೇಂದ್ರದ ಪಾಲು ಕನಿಷ್ಠ ಶಿಷ್ಯವೇತನದ ಅರ್ಧದಷ್ಟು. ಹಾಗಾಗಿ ಡಿಪ್ಲೊಮಾ ಶಿಶಿಕ್ಷುವಿಗೆ ನಮ್ಮ ಪಾಲು 4,000, ಪದವೀಧರನಿಗೆ 4,500! ಹೆಚ್ಚು ಓದಿದವನು ಮಾಲೀಕನಿಗೆ ಅಗ್ಗವಾಗಿ ದೊರೆಯುತ್ತಾನೆ. ಈ ವಿಚಿತ್ರದಿಂದಾಗಿ ಟರ್ನರ್ ಬೇಕಾದ ಜಾಗಕ್ಕೆ ಪದವೀಧರನನ್ನು ತೆಗೆದುಕೊಳ್ಳುವ ಆಸೆ ಹುಟ್ಟುವುದು ಸಹಜ. ತಿಂಗಳಿಗೆ ಸಾವಿರ ರೂಪಾಯಿ ಉಳಿಸಲು ಹೋಗಿ ನಮ್ಮ 137 ಬುಷ್‌ಗಳ ದಾರಿಯನ್ನೇ ಹಿಡಿದಂತಾದೀತು. ಕನಿಷ್ಠ ಮೊತ್ತಕ್ಕಿಂತ ಹೆಚ್ಚು ಕೊಡಲು ಅಡ್ಡಿಯಿಲ್ಲ ಎಂಬುದೂ ನೆನಪಿರಲಿ. ಬೆಂಗಳೂರಿನಲ್ಲಿ ಬಾಡಿಗೆ ಕೊಠಡಿಯಲ್ಲಿದ್ದು ಊಟ ಮಾಡುವ ಹುಡುಗ ಕನಿಷ್ಠ ಶಿಷ್ಯವೇತನದಲ್ಲಿ ತಿಂಗಳು ದೂಡುವುದು ಕಷ್ಟ.

ಕಾಯ್ದೆಯ ದೃಷ್ಟಿಯಲ್ಲಿ ಶಿಶಿಕ್ಷು ಕಲಿಯುವವನೇ ಹೊರತು ನೌಕರನಲ್ಲ. ಆದ್ದರಿಂದ ಭವಿಷ್ಯ ನಿಧಿ, ಇ.ಎಸ್.ಐ. ವಂತಿಗೆಗಳು ಅವನಿಗೆ ಅನ್ವಯಿಸುವುದಿಲ್ಲ. ಆದರೆ ಸುರಕ್ಷತೆಯ ಹೊಣೆ ನಮ್ಮದೇ. ಅಪಘಾತವಾದರೆ ಪರಿಹಾರದ ಹೊಣೆಯೂ ನಮ್ಮದೇ. ಈ ರಿಯಾಯಿತಿಯನ್ನು ಅಗ್ಗದ ಕೂಲಿಯ ದಾರಿಯೆಂದು ಭಾವಿಸಿ, ಶಿಶಿಕ್ಷುವಿನ ಕೈಯಲ್ಲಿ ಎರಡು ವರ್ಷ ಬರೀ ಪೊರಕೆ ಹಿಡಿಸಿದವರೂ ನಮ್ಮ ನಡುವೆ ಇಲ್ಲದಿಲ್ಲ. ಅಂಥವರ ಬಾಗಿಲಿಗೆ ಮರುವರ್ಷ ಐ.ಟಿ.ಐ. ಪ್ರಾಂಶುಪಾಲರು ಯಾರನ್ನೂ ಕಳುಹಿಸುವುದಿಲ್ಲ.

ಏಣಿಯ ಮೆಟ್ಟಿಲುಗಳು

‘ಐ.ಟಿ.ಐ. ಸೇರಿದರೆ ಅಲ್ಲಿಗೇ ಮುಗಿಯಿತು’ ಎಂಬ ಪೋಷಕರ ಭಯ ಮಾತ್ರ ಬಲವಾದದ್ದು. ವಾಸ್ತವವಾಗಿ ದಾರಿ ಮುಚ್ಚಿಲ್ಲ. ಎರಡು ವರ್ಷಗಳ ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿ.ಸಿ.ಇ.ಟಿ. ಪರೀಕ್ಷೆ ಬರೆದು ಬಿ.ಇ. ಎರಡನೆಯ ವರ್ಷಕ್ಕೆ ಪ್ರವೇಶ ಪಡೆಯಬಹುದು. ಈ ಮಾರ್ಗದಲ್ಲಿ ಬಂದ ಇಂಜಿನಿಯರ್ ಯಂತ್ರದ ಮುಂದೆ ನಿಂತು ಬಂದವನು. ಅಂಥವನೊಬ್ಬ ಸಿಕ್ಕರೆ ಬಿಡಬೇಡಿ ಎಂದು ಹಿರಿಯ ಉದ್ದಿಮೆದಾರರು ಹೇಳುವುದುಂಟು. ಶಾಲೆಯ ಮುಖವನ್ನೇ ಹೆಚ್ಚು ಕಾಣದೆ ಕೈಯಿಂದ ಕಲಿತ ವೆಲ್ಡರ್, ಮೌಲ್ಡರ್‌ಗಳ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ವ್ಯವಸ್ಥೆಯೂ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಸೇರಿತು. ನಮ್ಮ ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿ 2022ರ ಜೂನ್‌ನಲ್ಲಿ ಲೋಕಾರ್ಪಣೆಗೊಂಡವು. ಹತ್ತು ವರ್ಷಗಳ ಹಿಂದೆ ನೋಡಿದ ತುಕ್ಕು ಹಿಡಿದ ಲೇತ್‌ಗಳ ನೆನಪಿನಲ್ಲಿಯೇ ಇರುವ ಸದಸ್ಯರು ಒಮ್ಮೆ ಹೋಗಿ ನೋಡಿ ಬರುವುದು ಅಗತ್ಯ.

ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾದವು ಎಂಬುದು ಎಲ್ಲರಿಗೂ ತಿಳಿದ ವಿಷಯ. ಅದಾಗಿ ಇಪ್ಪತ್ತಾರು ವರ್ಷಗಳ ಮೇಲೆ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ಮುತುವರ್ಜಿ ವಹಿಸಿ 1943ರಲ್ಲಿ ಕಟ್ಟಿಸಿದ್ದು ಇನ್ನೊಂದು ಪದವಿ ಕಾಲೇಜನ್ನಲ್ಲ. ಕಸುಬು ಕಲಿಸುವ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟನ್ನು. ಇಂದಿನ ಎಸ್.ಜೆ.ಪಿ. ಅದೇ. ಪದವಿ ಕಾಲೇಜು ಕಟ್ಟಿದವರಿಗೇ ಎರಡನೆಯ ಬಗೆಯ ಶಾಲೆಯ ಅಗತ್ಯ ಕಂಡಿತ್ತು.

ಪೋಷಕರ ಭಯದ ಹಿಂದೆ ಇನ್ನೊಂದು ಕಾರಣವಿದೆ. ಅದನ್ನು ನಮ್ಮ ಪತ್ರಿಕೆಯಲ್ಲಿ ಯಾರೂ ಬರೆದಂತಿಲ್ಲ. ‘ಆಪರೇಟರ್’ ಎಂದರೆ ಹೆಣ್ಣು ಕೊಡುವುದಿಲ್ಲ. ಕೈತುಂಬ ಸಂಬಳವಿದ್ದರೂ ಕೊಡುವುದಿಲ್ಲ. ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಮುಂದೆ ಬಿ.ಇ. ಇರಬೇಕು. ಇದು ಸಮಾಜದ ರೋಗ ಎಂದು ಕೈತೊಳೆದುಕೊಳ್ಳುವ ಮುನ್ನ ನಮ್ಮ ಹಾಜರಿ ಪುಸ್ತಕಗಳನ್ನು ತೆರೆದು ನೋಡೋಣ. ಒಂಬತ್ತು ವರ್ಷ ದುಡಿದ ಟರ್ನರ್‌ನ ಹುದ್ದೆಯ ಹೆಸರು ಸೇರಿದ ದಿನದ್ದೇ ಆಗಿದ್ದರೆ, ಹೊರಗಿನವರು ಅವನನ್ನು ಗೌರವಿಸಬೇಕೆಂದು ನಿರೀಕ್ಷಿಸುವುದು ಹೇಗೆ? ನಾವು ಆಪರೇಟರ್, ಸೆಟ್ಟರ್, ಸೀನಿಯರ್ ಸೆಟ್ಟರ್, ಸೆಲ್ ಇನ್‌ಚಾರ್ಜ್ ಎಂದು ನಾಲ್ಕು ಮೆಟ್ಟಿಲು ಮಾಡಿ, ಪ್ರತಿಯೊಂದಕ್ಕೂ ಸಂಬಳದ ಅಂತರ ಇಟ್ಟೆವು. ಸೀನಿಯರ್ ಸೆಟ್ಟರ್‌ನ ಸಂಬಳ ಹೊಸ ಪದವೀಧರನ ಸಂಬಳಕ್ಕಿಂತ ಹೆಚ್ಚು. ಇದನ್ನು ಕಂಡು ಒಬ್ಬ ಪದವೀಧರ ಬಿಟ್ಟು ಹೋದದ್ದೂ ಉಂಟು.

ಅಂದು ‘ಬೋರ್ ಬಿಗಿ ಬರ್ತಾ ಇದೆ’ ಎಂದಿದ್ದ ಟರ್ನರ್ ಈಗ ಸೀನಿಯರ್ ಸೆಟ್ಟರ್. ಸಂಜೆ ಡಿಪ್ಲೊಮಾ ತರಗತಿಗಳಿಗೆ ಹೋಗಲು ಅನುಕೂಲವಾಗಲೆಂದು ಅವನನ್ನು ಮೊದಲ ಪಾಳಿಯಲ್ಲೇ ಕಾಯಂ ಇರಿಸಿದ್ದೇವೆ. ತಪಾಸಣಾ ವರದಿಯಲ್ಲಿ ಯಂತ್ರದವನ ಸಹಿಗೂ ಒಂದು ಅಂಕಣವಿದೆ. ಅವನು ಬೇಡವೆಂದರೆ ಮಾಲು ಗೇಟು ದಾಟುವಂತಿಲ್ಲ. ಡಿಪ್ಲೊಮಾ ಕೈಗೆ ಬಂದ ಕೂಡಲೇ ಅವನು ದೊಡ್ಡ ಕಂಪನಿಗೆ ಹಾರಿಹೋದರೆ ಗತಿಯೇನು ಎಂದು ನಮ್ಮ ಪಾಲುದಾರರು ಆಗಾಗ ಕೇಳುತ್ತಾರೆ. ಹೋದರೂ ಹೋಗಬಹುದು. ಸದ್ಯಕ್ಕೆ ಅವನ ಕೈಕೆಳಗೆ ಇಬ್ಬರು ಐ.ಟಿ.ಐ. ಶಿಶಿಕ್ಷುಗಳಿದ್ದಾರೆ. ಬೆಳಿಗ್ಗೆ ಪಾಳಿ ಆರಂಭವಾದ ಕೂಡಲೇ ಅವರು ಮಾಡುವ ಮೊದಲ ಕೆಲಸ, ಬೋರ್ ಗೇಜನ್ನು ರಿಂಗ್‌ಗೆ ಇಟ್ಟು ಸೊನ್ನೆ ಹೊಂದಿಸುವುದು.